ಟ್ಯಾಂಕಿನೊಳಗಿನ ಖಾಲಿ ಜಾಗ



ಸಿರುಮುಗೈ, ಮೇಟ್ಟುಪಾಳಯಂ, ಅನ್ನೂರು, ಅವಿನಾಶಿ ಕಡೆಯ ನಮ್ಮ ಕನ್ನಡದ ಮನೆಗಳಲ್ಲಿ ಮಗ್ಗದ ಸದ್ದಿನ ಜೊತೆಗೆ ಈಗ ಪಿಕಪ್ ಗಾಡಿಯ ಸದ್ದೂ ಸೇರಿದೆ. ತಿರುಪ್ಪೂರಿನ ಬನಿಯನ್ ಮೂಟೆ, ಮೇಟ್ಟುಪಾಳಯಂ ಮಂಡಿಯ ಆಲೂಗಡ್ಡೆ, ತಾಳವಾಡಿಯ ಎಲೆಕೋಸು, ಎಲ್ಲವೂ ಈ ಗಾಡಿಗಳ ಬೆನ್ನ ಮೇಲೆಯೇ ಓಡಾಡುತ್ತವೆ. ನನ್ನ ತಮ್ಮನ ಮಗನದೂ ಒಂದು ಗಾಡಿ ಇದೆ. ವಾರಕ್ಕೆ ಎರಡು ಸಲ ಸತ್ಯಮಂಗಲ, ದಿಂಬಂ ದಾಟಿ ಚಾಮರಾಜನಗರಕ್ಕೆ ಹೋಗಿ ಬರುತ್ತಾನೆ. ಸಾಲ ತೀರಲು ಇನ್ನೂ ಎರಡು ವರ್ಷ ಬಾಕಿ.

ಒಂದು ಸಂಜೆ ಅವನು ಬಂದು, "ದೊಡ್ಡಪ್ಪ, ಅಲ್ಲಿ ಡೀಸೆಲ್ ಅಗ್ಗ. ಟ್ಯಾಂಕನ್ನು ದೊಡ್ಡದು ಮಾಡಿಸಿದರೆ ಅಲ್ಲಿಂದಲೇ ತುಂಬಿಸಿಕೊಂಡು ಬರಬಹುದು. ಪಟ್ಟರೆಯಲ್ಲಿ 12,000 ರೂಪಾಯಿಗೆ ಮಾಡಿಕೊಡುತ್ತಾರಂತೆ," ಎಂದ. ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಲೆಡ್ಜರ್ ಬರೆದವನು ನಾನು. ಯಂತ್ರವಿದ್ಯೆ ಓದಿದವನಲ್ಲ. ಆದರೂ ಹೂಂ ಅನ್ನುವ ಮೊದಲು ಒಂದು ನೋಟುಬುಕ್ಕು ತೆಗೆದುಕೊಂಡು ಕುಳಿತೆ. ಅದರಲ್ಲಿ ಬರೆದದ್ದನ್ನೇ ಇಂದು ನಿಮ್ಮ ಮುಂದೆ ಇಡುತ್ತೇನೆ.

ಮೊದಲು ಟ್ಯಾಂಕಿನ ವಿಷಯ. ನಾವು ಟ್ಯಾಂಕ್ ಅಂದರೆ ಒಂದು ಡಬ್ಬಿ ಅಂದುಕೊಳ್ಳುತ್ತೇವೆ. ಅದು ಅಷ್ಟು ಸರಳವಲ್ಲ. ಡೀಸೆಲ್ ಒಳಗೆ ಹೋಗಲು ಒಂದು ಕುತ್ತಿಗೆ, ಒಳಗಿನ ಗಾಳಿ ಹೊರಗೆ ಬರಲು ಒಂದು ಸಣ್ಣ ಕೊಳವೆ, ಎಂಜಿನ್ನಿಗೆ ಹೋಗುವ ಕೊಳವೆ, ಎಂಜಿನ್ನಿನಲ್ಲಿ ಮಿಕ್ಕ ಡೀಸೆಲ್ ಮರಳಿ ಬರುವ ಇನ್ನೊಂದು ಕೊಳವೆ, ಮಟ್ಟ ತೋರಿಸುವ ತೇಲುಗುಂಡು, ಇವೆಲ್ಲ ಸೇರಿ ಟ್ಯಾಂಕು. ತಿರುವಿನಲ್ಲಿ ಡೀಸೆಲ್ ಒಂದೇ ಕಡೆಗೆ ನುಗ್ಗದಂತೆ ಎಷ್ಟೋ ಟ್ಯಾಂಕುಗಳ ಒಳಗೆ ತಡೆಗೋಡೆಗಳೂ ಇರುತ್ತವೆ.

ಬಂಕಿನಲ್ಲಿ ಟ್ಯಾಂಕ್ ತುಂಬಿದೊಡನೆ ಪಿಸ್ತೂಲು ಟಕ್ಕೆಂದು ನಿಲ್ಲುವುದನ್ನು ನೀವು ನೋಡಿದ್ದೀರಿ. ಅದರ ತುದಿಯಲ್ಲಿ ಒಂದು ಸಣ್ಣ ರಂಧ್ರವಿದೆ. ಡೀಸೆಲ್ ಹರಿಯುವಾಗ ಆ ರಂಧ್ರದ ಮೂಲಕ ಗಾಳಿ ಎಳೆದುಕೊಳ್ಳುತ್ತಿರುತ್ತದೆ. ಡೀಸೆಲ್ ಮೇಲೇರಿ ರಂಧ್ರ ಮುಚ್ಚಿದಾಗ ಗಾಳಿ ಸಿಗದೆ ಒಳಗಿನ ತೆಳು ಪರದೆ ಎಳೆಯಲ್ಪಟ್ಟು ಬೀಗ ಬೀಳುತ್ತದೆ. ಡೀಸೆಲ್ ನೊರೆ ಬರುವ ಎಣ್ಣೆ. ವೇಗವಾಗಿ ಹಾಕಿದರೆ ನೊರೆಯೇ ಆ ರಂಧ್ರವನ್ನು ಮುಚ್ಚಿ, ಟ್ಯಾಂಕು ತುಂಬುವ ಮೊದಲೇ ಪಿಸ್ತೂಲು ನಿಂತುಬಿಡುತ್ತದೆ. "ನನ್ನ ಗಾಡಿಗೆ ಪೂರ್ತಿ ಹಿಡಿಯುವುದಿಲ್ಲ" ಎಂಬ ದೂರಿಗೆ ಎಷ್ಟೋ ಸಲ ಈ ನೊರೆಯೇ ಕಾರಣ.

ಪೂರ್ತಿ ತುಂಬಿದ ಮೇಲೂ ಟ್ಯಾಂಕಿನ ನೆತ್ತಿಯಲ್ಲಿ ಸ್ವಲ್ಪ ಗಾಳಿ ಉಳಿಯುತ್ತದೆ. ಇದು ತಯಾರಕರ ಜಿಪುಣತನವಲ್ಲ, ಬೇಕೆಂದೇ ಬಿಟ್ಟ ಜಾಗ. ಡೀಸೆಲ್ ಬಿಸಿಯಾದರೆ ಹಿಗ್ಗುತ್ತದೆ. ಲೆಕ್ಕ ನೋಡಿ: 60 ಲೀಟರ್ ಡೀಸೆಲ್ 20 ಡಿಗ್ರಿ ಬಿಸಿಯಾದರೆ ಸುಮಾರು ಒಂದು ಲೀಟರ್ ಹೆಚ್ಚಾಗುತ್ತದೆ. ನೆಲದೊಳಗಿನ ತಂಪಾದ ತೊಟ್ಟಿಯಿಂದ ಬಂದ ಎಣ್ಣೆ. ಮೇಲೆ ಚಿತ್ರೆಯ ಬಿಸಿಲು. ಸಾಲದ್ದಕ್ಕೆ ಎಂಜಿನ್ನಿನಿಂದ ಮರಳಿ ಬರುವ ಡೀಸೆಲ್ ಬಿಸಿಯಾಗಿಯೇ ಬರುತ್ತದೆ. ಆ ಒಂದು ಲೀಟರಿಗೆ ಜಾಗ ಬೇಡವೇ?

ಕೆಲವರು ಗಾಳಿಕೊಳವೆಯನ್ನು ಕತ್ತರಿಸಿ ಮೇಲಕ್ಕೆ ಏರಿಸಿ, ಇಲ್ಲವೇ ನೆತ್ತಿಗೆ ಇನ್ನೊಂದು ತೂತು ಕೊರೆದು ಈ ಜಾಗವನ್ನೂ ತುಂಬಿಸುತ್ತಾರೆ. ಸಿಗುವುದು ಕೆಲವೇ ಲೀಟರ್. ಕಲ್ಲಾರಿನಿಂದ ಕೂನೂರಿಗೆ ಏರುವಾಗ ಗಾಡಿ ಓರೆಯಾಗುತ್ತದೆ, ಹಿಗ್ಗಿದ ಡೀಸೆಲ್ ಮುಚ್ಚಳದ ಬಾಯಿಂದ ರಸ್ತೆಗೆ ಸುರಿಯುತ್ತದೆ. ದಿಂಬಂ ಘಟ್ಟದಲ್ಲಿ 27 ಕೊಂಡಿ ತಿರುವುಗಳಿವೆ. ಅಂಥ ಒಂದು ತಿರುವಿನಲ್ಲಿ ಡೀಸೆಲ್ ಬಿದ್ದಿದ್ದರೆ ಹಿಂದೆ ಬರುವ ಬೈಕಿನವನ ಗತಿಯೇನು? ಅವನೂ ನಮ್ಮ ಊರಿನ ಹುಡುಗನೇ ಆಗಿರಬಹುದು.

ಎರಡನೆಯ ದಾರಿ, ಇನ್ನೊಂದು ಟ್ಯಾಂಕು ಕೂಡಿಸುವುದು. ಇಲ್ಲಿ ಮೊದಲ ತೊಡಕು ಮರಳಿ ಬರುವ ಕೊಳವೆ. ಎರಡನೇ ಟ್ಯಾಂಕಿನಿಂದ ಎಳೆದ ಡೀಸೆಲ್ ಮೊದಲನೆಯದಕ್ಕೆ ಮರಳಿದರೆ, ತುಂಬಿದ ಟ್ಯಾಂಕು ಉಕ್ಕುತ್ತದೆ. ಎರಡನೆಯ ತೊಡಕು ಉಸಿರಾಟ. ಡೀಸೆಲ್ ಹೋದಷ್ಟೂ ಗಾಳಿ ಒಳಗೆ ಬರಬೇಕು. ಬಾರದಿದ್ದರೆ ಒಳಗೆ ಸೆಳೆತ ಉಂಟಾಗಿ ಎಂಜಿನ್ ಏರಿನಲ್ಲಿಯೇ ಬಿಕ್ಕಳಿಸಿ ನಿಲ್ಲುತ್ತದೆ. ಮೂರನೆಯದು ತಗಡು. ಅಗ್ಗಕ್ಕೆ ಸಿಗುವ ಸತುವು ಲೇಪಿಸಿದ ತಗಡಿನಲ್ಲಿ ಟ್ಯಾಂಕು ಮಾಡಿದರೆ ಸತುವು ಡೀಸೆಲಿನ ಜೊತೆ ಸೇರಿ ಸಾಬೂನಿನಂಥ ಜಿಡ್ಡು ಕಟ್ಟಿ ಫಿಲ್ಟರನ್ನು ಮುಚ್ಚುತ್ತದೆ. ಈಗಿನ ಎಂಜಿನ್ನುಗಳ ಪಂಪು, ಇಂಜೆಕ್ಟರುಗಳು ಬಹಳ ಸೂಕ್ಷ್ಮ. ಒಂದು ಕೆಟ್ಟರೆ ಹೊಸ ಟ್ಯಾಂಕಿನ ಬೆಲೆಯನ್ನೇ ಮೀರಿಸುವ ಖರ್ಚು.

ಈಗ ಹೇಳುವುದು ನಾನು ಕಣ್ಣಾರೆ ಕಂಡ ಮಾತು. ಬ್ಯಾಂಕಿನಲ್ಲಿದ್ದಾಗ ನಮ್ಮಲ್ಲಿ ಖಾತೆ ಇದ್ದ ಒಬ್ಬ ವೆಲ್ಡರ್ ರುಜು ಹಾಕಲಾಗದೆ ಹೆಬ್ಬೆಟ್ಟು ಒತ್ತಲು ಬಂದ. ಬಲಗೈಯ ಬೆರಳುಗಳು ಸುಟ್ಟು ಕೂಡಿಕೊಂಡಿದ್ದವು. ಎಡಗೈಯ ಹೆಬ್ಬೆಟ್ಟನ್ನೇ ಒತ್ತಿಸಿಕೊಂಡೆ. "ಖಾಲಿ ಟ್ಯಾಂಕು ಸಾರ್, ಒಂದು ಹನಿಯೂ ಇರಲಿಲ್ಲ," ಎಂದ. ಖಾಲಿಯಾಗಿದ್ದದ್ದೇ ಅಪಾಯ. ತುಂಬಿದ ಟ್ಯಾಂಕಿನಲ್ಲಿ ಗಾಳಿ ಕಡಿಮೆ. ಖಾಲಿ ಟ್ಯಾಂಕಿನ ಮೂಲೆಯಲ್ಲಿ, ಬೆಸುಗೆಯ ಸಂದಿಯಲ್ಲಿ ಅಂಟಿದ ಡೀಸೆಲ್ ವೆಲ್ಡಿಂಗ್ ಬಿಸಿಗೆ ಆವಿಯಾಗಿ ಗಾಳಿಯೊಡನೆ ಬೆರೆಯುತ್ತದೆ. ಮತ್ತೆ ಒಂದು ಕಿಡಿ ಸಾಕು. ಡೀಸೆಲ್ ಪೆಟ್ರೋಲಿನಂತೆ ಸುಲಭವಾಗಿ ಹತ್ತಿಕೊಳ್ಳುವುದಿಲ್ಲ ಎಂಬುದು ನಿಜ. ಆ ಧೈರ್ಯವೇ ಅವನ ಕೈ ತೆಗೆದದ್ದು.

ಇನ್ನು ಕಾನೂನು. ನೋಂದಣಿ ಪತ್ರದ ವಿವರಗಳು ತಯಾರಕರು ನಿಗದಿ ಮಾಡಿದ್ದಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸಬಾರದು ಎಂದು 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಂ ಹೇಳುತ್ತದೆ. 2019ರ ಜನವರಿಯಲ್ಲಿ ಕೇರಳದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಕಲಂ ಬಂತು. ಕಾನೂನು ಒಪ್ಪದ ಮಾರ್ಪಾಟು ಮಾಡಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆ, ಇಲ್ಲವೇ ಒಂದೊಂದು ಮಾರ್ಪಾಟಿಗೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ಅಪಘಾತವಾದರೆ ವಿಮಾ ಕಂಪನಿಯವರು ಮೊದಲು ಕೇಳುವುದೂ ಇದನ್ನೇ: ನಮಗೆ ತಿಳಿಸದೆ ಏನು ಬದಲಾಯಿಸಿದ್ದೀರಿ?

ಕಡೆಗೆ ನನ್ನ ಲೆಕ್ಕ. ಕರ್ನಾಟಕ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು 2024ರ ಜೂನ್‌ನಲ್ಲಿ ಶೇಕಡಾ 14.34ರಿಂದ 18.44ಕ್ಕೂ, 2025ರ ಏಪ್ರಿಲ್ 1ರಿಂದ 21.17ಕ್ಕೂ ಏರಿಸಿತು. ಹಿಂದೆ ಇದ್ದ ದೊಡ್ಡ ಅಂತರ ಹೋಗಿದೆ. ಆದರೂ ಲೀಟರಿಗೆ ಎರಡು ರೂಪಾಯಿ ಉಳಿಯುತ್ತದೆ ಎಂದೇ ಇಟ್ಟುಕೊಳ್ಳಿ. ಹೆಚ್ಚುವರಿ 20 ಲೀಟರಿಗೆ 40 ರೂಪಾಯಿ. ವಾರಕ್ಕೆ ಎರಡು ಸಲ, 80. ವರ್ಷಕ್ಕೆ 4,160. ಪಟ್ಟರೆಗೆ ಕೊಟ್ಟ 12,000 ಮರಳಿ ಬರಲು ಸುಮಾರು ಮೂರು ವರ್ಷ. ನಡುವೆ ಒಂದೇ ಒಂದು ಸಲ ದಂಡ ಬಿದ್ದರೆ ಒಂದು ವರ್ಷದ ಲಾಭಕ್ಕಿಂತ ಹೆಚ್ಚೇ ಹೋಯಿತು. ಈ 20 ಲೀಟರಿನ ತೂಕ ಸುಮಾರು 17 ಕಿಲೋ. ತಗಡಿನ ತೂಕ ಬೇರೆ. ಅಷ್ಟು ಎಲೆಕೋಸು ಹೇರಿದ್ದರೂ ಬಾಡಿಗೆ ಬರುತ್ತಿತ್ತು.

ಹಾಗಾದರೆ ಮಾಡಬೇಕಾದದ್ದೇನು? ಬಂಕಿನಲ್ಲಿ ನಿಧಾನವಾಗಿ ಹಾಕಲು ಹೇಳಿ. ಪಿಸ್ತೂಲು ಬೇಗ ನಿಂತರೆ ನೊರೆ ಇಳಿಯಲು ಅರೆನಿಮಿಷ ಬಿಟ್ಟು ಒಮ್ಮೆ ಮಾತ್ರ ಮತ್ತೆ ಹಾಕಿಸಿ. ಕುತ್ತಿಗೆಯವರೆಗೆ ತುಂಬಿಸಬೇಡಿ. ಪ್ರತಿ ಸಲವೂ ಬೇಗ ನಿಲ್ಲುತ್ತಿದ್ದರೆ ಗಾಳಿಕೊಳವೆ ಮಡಿಚಿದೆಯೇ, ಮಣ್ಣು ಕಟ್ಟಿದೆಯೇ ನೋಡಿಸಿ. ಕಲ್ಲು ತಾಗಿ ಟ್ಯಾಂಕಿನ ಹೊಟ್ಟೆ ಒಳಗೆ ಹೋಗಿದ್ದರೂ ಅಳತೆ ಕಡಿಮೆಯಾಗುತ್ತದೆ. ಕಾಲು ಭಾಗಕ್ಕಿಂತ ಕೆಳಗೆ ಇಳಿಸಬೇಡಿ. ಖಾಲಿ ಜಾಗದಲ್ಲಿ ರಾತ್ರಿ ನೀರು ಹನಿಗಟ್ಟುತ್ತದೆ. ದಿಂಬಂನಲ್ಲಿ 2022ರಿಂದ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ; ಅದಕ್ಕೆ ತಕ್ಕಂತೆ ಎಲ್ಲಿ ತುಂಬಿಸಬೇಕೆಂದು ಹೊರಡುವ ಮೊದಲೇ ಗೊತ್ತುಮಾಡಿಕೊಳ್ಳಿ. ದೊಡ್ಡ ಟ್ಯಾಂಕು ಬೇಕೇ ಬೇಕೆಂದರೆ ಗಾಡಿ ಕೊಳ್ಳುವಾಗಲೇ ಅಂಥ ಮಾದರಿಯನ್ನು ಕೇಳಿ ಕೊಳ್ಳಿ.

ನೋಟುಬುಕ್ಕನ್ನು ಹುಡುಗನ ಕೈಗೆ ಕೊಟ್ಟೆ. ಎರಡು ಸಲ ಕೂಡಿಸಿ ನೋಡಿದ. ಏನೂ ಹೇಳಲಿಲ್ಲ. ಮರುವಾರ ಆ 12,000ದಲ್ಲಿ ಗಾಡಿಗೆ ಎರಡು ಹೊಸ ಟೈರು ಹಾಕಿಸಿಕೊಂಡು ಬಂದು ಬಾಗಿಲಲ್ಲಿ ನಿಲ್ಲಿಸಿದ. ಘಟ್ಟ ಇಳಿಯುವವನಿಗೆ ಅದೇ ಸರಿಯಾದ ಖರ್ಚು ಎಂದು ನನಗೂ ಅನ್ನಿಸಿತು.

ನಿಮ್ಮ ಮನೆಯಲ್ಲೂ ಇಂಥ ಗಾಡಿ ಇದ್ದರೆ, ಪಟ್ಟರೆಗೆ ಹೋಗುವ ಮೊದಲು ಒಂದು ಕಾಗದ, ಒಂದು ಪೆನ್ಸಿಲ್ ತೆಗೆದುಕೊಳ್ಳಿ.