ಬ್ಯಾಕ್ಟೀರಿಯಾ ಕೋಟೆಗೆ ಲವಂಗದ ಲಗ್ಗೆ

ಹುಬ್ಬಳ್ಳಿಯ ಯಾವ ಸಾವಜಿ ಖಾನಾವಳಿಯ ಮುಂದೆ ಹಾದರೂ ಮಸಾಲೆಯ ಘಾಟು ಮೂಗಿಗೆ ಬಡಿಯುತ್ತದೆ. ಆ ಘಾಟಿನಲ್ಲಿ ಏನೇನಿದೆ ಗೊತ್ತೇ? ಒಂದು ಒಳ್ಳೆಯ ಲವಂಗ ತೆಗೆದುಕೊಂಡು ಉಗುರಿನಿಂದ ಒತ್ತಿ ನೋಡಿ. ಎಣ್ಣೆ ಜಿನುಗುತ್ತದೆ! ಒಣಗಿದ ಈ ಮೊಗ್ಗಿನ ತೂಕದಲ್ಲಿ ನೂರಕ್ಕೆ 15ರಿಂದ 20 ಪಾಲು ಎಣ್ಣೆಯೇ. ಅದರಲ್ಲಿ ಬಹುಪಾಲು ಯೂಜಿನಾಲ್.

ಈ ಯೂಜಿನಾಲ್ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ, ಇ. ಕೋಲಿಗಳಿಗೆ ತಗುಲಿದಾಗ ಏನಾಗುತ್ತದೆಂದು ಓದಿ ನನಗೆ ಮೈ ಜುಮ್ಮೆಂದಿತು. ಬ್ಯಾಕ್ಟೀರಿಯಾದ ಪೊರೆಯಲ್ಲಿ ಕೊಬ್ಬಿದೆ. ಎಣ್ಣೆಯ ಅಣು ಅದರೊಳಗೆ ನುಸುಳಿ ಸೇರಿಕೊಳ್ಳುತ್ತದೆ. ಪೊರೆ ಸಡಿಲಾಗುತ್ತದೆ. ಒಳಗಿನ ಪೊಟ್ಯಾಸಿಯಂ ಸೋರುತ್ತದೆ, ಶಕ್ತಿ ಕೊಡುವ ಎಟಿಪಿ ಸೋರುತ್ತದೆ, ಕೊನೆಗೆ ಜೀವವೇ ಸೋರಿಹೋಗುತ್ತದೆ! ಅಜವಾನದ ಥೈಮಾಲ್ ಮಾಡುವುದೂ ಇದನ್ನೇ. ಶಸ್ತ್ರಚಿಕಿತ್ಸೆಯ ಗಾಯ ಕೀವಾಗದಂತೆ ತಡೆಯಲು ಜೋಸೆಫ್ ಲಿಸ್ಟರ್ 1867ರಲ್ಲಿ ಜಗತ್ತಿಗೆ ಸಾರಿದ ಕಾರ್ಬಾಲಿಕ್ ಆಮ್ಲವೆಂದರೆ ಫೀನಾಲ್. ಥೈಮಾಲ್, ಯೂಜಿನಾಲ್ ಎರಡೂ ಅದರ ಬಳಗವೇ. ನಮ್ಮ ಮಸಾಲೆ ಡಬ್ಬಿಯಲ್ಲಿ!

ನಿಜವಾದ ಬೆರಗು ಇನ್ನು ಮುಂದಿದೆ. ಬ್ಯಾಕ್ಟೀರಿಯಾ ಒಂಟಿಯಾಗಿ ಅಲೆಯುವುದೇ ಕಡಿಮೆ. ಹಾಲಿನ ಕ್ಯಾನಿನ ಬೆಸುಗೆಯ ಸಂದಿ, ಮಾಂಸ ಕೊಚ್ಚುವ ಹಲಗೆಯ ಗೀರು, ಹೀಗೆ ತೇವ ಇದ್ದಲ್ಲಿ ಅಂಟಿಕೊಂಡು, ಶರ್ಕರ, ಪ್ರೋಟೀನು, ಡಿಎನ್‌ಎ ಬೆರೆತ ಲೋಳೆಯಿಂದ ತಮ್ಮ ಸುತ್ತ ಕೋಟೆ ಕಟ್ಟಿಕೊಳ್ಳುತ್ತವೆ. ಇದೇ ಬಯೋಫಿಲ್ಮ್. ಬರೀ ನೀರು ಸುರಿದರೆ ಜಪ್ಪಯ್ಯ ಎಂದರೂ ಬಿಡದು. ಲಿಸ್ಟರನ ಹೆಸರನ್ನೇ ಹೊತ್ತ ಲಿಸ್ಟೀರಿಯಾ ಅಂತೂ ಫ್ರಿಜ್ಜಿನ 4 ಡಿಗ್ರಿ ತಂಪಿನಲ್ಲೂ ಬೆಳೆಯುತ್ತದೆ. ಪೇಢೆಯ ಧಾರವಾಡ, ಸಾವಜಿಯ ಹುಬ್ಬಳ್ಳಿ ಎರಡೂ ಹಾಲು ಮಾಂಸಗಳ ಊರು; ಇದು ನಮ್ಮ ಮನೆಬಾಗಿಲ ವಿಷಯ.

ಕೋಟೆ ಕಟ್ಟುವ ಮುನ್ನ ಅವು ಮಾತಾಡಿಕೊಳ್ಳುತ್ತವೆ! ಪುಟ್ಟ ಪುಟ್ಟ ಅಣುಗಳನ್ನು ಹೊರಬಿಟ್ಟು, ತಮ್ಮವರು ಎಷ್ಟು ಜನ ಸೇರಿದ್ದಾರೆಂದು ಅಳೆಯುತ್ತವೆ. ಸಂಖ್ಯೆ ಸಾಕೆನಿಸಿದೊಡನೆ ಒಟ್ಟಾಗಿ ಕೆಲಸಕ್ಕಿಳಿಯುತ್ತವೆ. ದಾಲ್ಚಿನ್ನಿಯ ಸಿನಮಾಲ್ಡಿಹೈಡ್, ಕೊಲ್ಲಲು ಸಾಲದಷ್ಟು ಅಲ್ಪ ಪ್ರಮಾಣದಲ್ಲೂ ಆ ಮಾತುಕತೆಯನ್ನೇ ಕೆಡಿಸುತ್ತದೆಂದು ಪ್ರಯೋಗಾಲಯಗಳಲ್ಲಿ ಕಂಡಿದೆ.

ಹಾಗೆಂದು ಖಾರದ ಸಾರು ಕೆಡುವುದಿಲ್ಲ ಎಂದಲ್ಲ. ಅದರಲ್ಲಿ ಸೇರುವ ಲವಂಗದೆಣ್ಣೆ ತೀರಾ ಅಲ್ಪ, ಅದರಲ್ಲೂ ಹೆಚ್ಚಿನದನ್ನು ಸಾರಿನ ಜಿಡ್ಡೇ ಹಿಡಿದಿಟ್ಟುಕೊಳ್ಳುತ್ತದೆ. ಪ್ರಮಾಣ ಏರಿಸಿದರೆ ನಾಲಿಗೆ ತಡೆಯದು. ಆದ್ದರಿಂದಲೇ ಈ ಎಣ್ಣೆಯನ್ನು ಅತಿಸೂಕ್ಷ್ಮ ಹನಿಗಳಾಗಿ ಒಡೆಯುವ, ಆಹಾರ ಸುತ್ತುವ ಹಾಳೆಯಲ್ಲೇ ಬೆರೆಸುವ ಪ್ರಯೋಗಗಳು ಎಷ್ಟೋ ದೇಶಗಳಲ್ಲಿ ನಡೆದಿವೆ. ಕೃಷಿ ವಿಶ್ವವಿದ್ಯಾಲಯ, ಕರ್ನಾಟಕ ವಿಶ್ವವಿದ್ಯಾಲಯ ಎರಡೂ ಇರುವ ಧಾರವಾಡದ ವಿದ್ಯಾರ್ಥಿಗಳೇ, ನಮ್ಮ ಖಾನಾವಳಿಯ ಹಲಗೆ, ನಮ್ಮ ಹಾಲಿನ ಕ್ಯಾನುಗಳ ಮೇಲೆ ಇದನ್ನು ಒರೆಗೆ ಹಚ್ಚಿ ನೋಡಿ.

ಉಳಿದವರು ಹಲಗೆಯನ್ನು ಸಾಬೂನು ಹಚ್ಚಿ ಗಸಗಸ ತಿಕ್ಕಿ, ಕುದಿಯುವ ನೀರು ಹೊಯ್ದು, ಬಿಸಿಲಿಗೆ ಒಣಗಿಸಿ. ಶುದ್ಧ ಲವಂಗದೆಣ್ಣೆಯನ್ನು ಎಂದೂ ಕುಡಿಯಬೇಡಿ, ಶೀಶೆಯನ್ನು ಮಕ್ಕಳ ಕೈಗೆ ಸಿಗದಂತೆ ಇಡಿ.