ಓಟಕ್ಕೆ ಮುಂಚಿನ ಆ ಸ್ಯಾಶೆ ನಿಜವಾಗ್ಲೂ ಏನು ಮಾಡುತ್ತೆ?

ಬೆಂಗಳೂರಲ್ಲಿ 10ಕೆ ಓಟಕ್ಕೆ ತಯಾರಾಗೋರಿಗೆ ಹೈಡ್ರೇಷನ್ ಪುಡಿಯ ಜಾಹೀರಾತುಗಳು ಎರಡು ಮಾತು ಕೊಡುತ್ತವೆ: ನೀರು ಮೈಯಲ್ಲೇ ಉಳಿಯುತ್ತೆ, ರಕ್ತದ ಆಮ್ಲ ಇಳಿಯುತ್ತೆ. ಎರಡೂ ಸುಳ್ಳಲ್ಲ. ಎಷ್ಟು ಹಾಕಿದರೆ, ಯಾರಿಗೆ ಅನ್ನೋದನ್ನು ಮಾತ್ರ ಹೇಳಲ್ಲ.

ಒಂದು ಲೀಟರ್ ಬರೀ ನೀರು ಕುಡಿದರೆ ರಕ್ತ ಚೂರು ತೆಳುವಾಗುತ್ತದೆ. ಮಿದುಳು ಅದನ್ನು ಗಮನಿಸಿ ವಾಸೊಪ್ರೆಸಿನ್ ಹಾರ್ಮೋನನ್ನು ತಗ್ಗಿಸುತ್ತದೆ, ಮೂತ್ರಪಿಂಡ ನಲ್ಲಿ ತಿರುಗಿಸುತ್ತದೆ. ಒಂದೆರಡು ಗಂಟೆಯಲ್ಲಿ ಬಹುಪಾಲು ಹೊರಗೆ. ಅದನ್ನು ಹಿಡಿದಿಡೋಕೆ ಸೋಡಿಯಂ ಬೇಕು. ಗ್ಲಿಸರಾಲ್ ಕೂಡ ಇದೇ ಕೆಲಸ ಮಾಡುತ್ತೆ. ರಕ್ತದ ದ್ರವ ಹೆಚ್ಚಿಸಿ ಡೋಪಿಂಗ್ ಮರೆಮಾಚಬಹುದು ಅಂತ ವಾಡಾ ಅದನ್ನು 2010ರಲ್ಲಿ ನಿಷೇಧಿಸಿತ್ತು. ಪರಿಣಾಮ ತೀರಾ ಕಡಿಮೆ ಅಂತ 2018ರಲ್ಲಿ ಪಟ್ಟಿಯಿಂದ ಕೈಬಿಟ್ಟಿತು.

ಇನ್ನು ಆಮ್ಲ. ಜೋರಾಗಿ ಓಡುವಾಗ ಸ್ನಾಯುವಿನಲ್ಲಿ ಹೈಡ್ರೋಜನ್ ಅಯಾನುಗಳು ತುಂಬಿಕೊಳ್ಳುತ್ತವೆ. ರಕ್ತದಲ್ಲಿರೋ ಬೈಕಾರ್ಬನೇಟ್ ಅವನ್ನು ಹಿಡಿದು ನೀರು ಮತ್ತು ಕಾರ್ಬನ್ ಡೈಆಕ್ಸೈಡ್ ಮಾಡುತ್ತದೆ, ಉಸಿರಲ್ಲಿ ಅದು ಆಚೆ ಹೋಗುತ್ತದೆ. ಈ ಬೈಕಾರ್ಬನೇಟನ್ನು ಹೆಚ್ಚಿಸೋ ವಸ್ತು ನಮ್ಮ ಅಡುಗೆಮನೆಯ ಸೋಡಾಪುಡಿಯೇ. ಸಂಶೋಧನೆಗಳಲ್ಲಿ ಕೆಲಸ ಮಾಡಿರೋ ಪ್ರಮಾಣ ಕಿಲೋ ತೂಕಕ್ಕೆ 0.2ರಿಂದ 0.3 ಗ್ರಾಂ. 60 ಕಿಲೋ ತೂಗುವವರು 0.3ರ ಲೆಕ್ಕದಲ್ಲಿ 18 ಗ್ರಾಂ ನುಂಗಬೇಕು. ಅದರಲ್ಲಿ ಸೋಡಿಯಂ ಒಂದೇ ಸುಮಾರು 4.9 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ದಿನವೊಂದಕ್ಕೆ ಹೇಳೋ ಮಿತಿ 2 ಗ್ರಾಂ! ಹೊಟ್ಟೆ ಉಬ್ಬರ, ವಾಂತಿ, ಭೇದಿ ಬೋನಸ್ಸು. ಬಿಪಿ ಇದ್ದವರಂತೂ ಹತ್ತಿರವೂ ಸುಳಿಯಬಾರದು. ಇಷ್ಟು ಮಾಡಿದರೂ ಲಾಭ ಕಾಣೋದು ಹೆಚ್ಚಾಗಿ ಅರ್ಧ ನಿಮಿಷದಿಂದ 12 ನಿಮಿಷದೊಳಗಿನ ತೀವ್ರ ಸ್ಪರ್ಧೆಗಳಲ್ಲಿ. ಒಂದು ಗಂಟೆ ಆರಾಮಾಗಿ ಜಾಗ್ ಮಾಡೋರಿಗೆ ಇದ್ಯಾಕೆ?

ನೀರು ಹೆಚ್ಚು ಉಳಿದಷ್ಟೂ ಒಳ್ಳೇದು ಅನ್ನೋದೂ ಸರಿಯಲ್ಲ. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ 488 ಓಟಗಾರರ ರಕ್ತ ಪರೀಕ್ಷಿಸಿದಾಗ 13% ಮಂದಿಯಲ್ಲಿ ಸೋಡಿಯಂ ಅಪಾಯದ ಗೆರೆಗಿಂತ ಕೆಳಗಿತ್ತು. ಓಡುತ್ತಲೇ ವಿಪರೀತ ಕುಡಿದು ತೂಕ ಹೆಚ್ಚಿಸಿಕೊಂಡವರಲ್ಲೇ ಇದು ಹೆಚ್ಚು. ಸ್ಪೋರ್ಟ್ಸ್ ಡ್ರಿಂಕ್ ಕುಡಿದವರೂ ಬಚಾವಾಗಲಿಲ್ಲ, ಯಾಕಂದ್ರೆ ಅದೂ ರಕ್ತಕ್ಕಿಂತ ಎಷ್ಟೋ ತೆಳು.

ಇಲ್ಲೇ ಲೇಬಲ್ಲಿನ ರಾಜಕೀಯ ಶುರುವಾಗೋದು. ವಿಶ್ವ ಆರೋಗ್ಯ ಸಂಸ್ಥೆಯ ಓಆರ್‌ಎಸ್‌ನಲ್ಲಿ ಲೀಟರಿಗೆ 75 ಮಿಲಿಮೋಲ್ ಸೋಡಿಯಂ ಇರುತ್ತೆ, ಜೊತೆಗೆ ದೇಹದೊಳಗೆ ಬೈಕಾರ್ಬನೇಟ್ ಆಗೋ ಸಿಟ್ರೇಟ್. ಭೇದಿಯಾದ ಮಗುವಿಗೆ ಬೇಕಾದ್ದು ಇದು. ಆದರೆ ಸಕ್ಕರೆ ನೀರಿನಂಥ ಪಾನೀಯಗಳೂ ವರ್ಷಗಟ್ಟಲೆ ಅದೇ ಹೆಸರಲ್ಲಿ ಮಾರಾಟವಾದವು. ಹೈದರಾಬಾದಿನ ಮಕ್ಕಳ ವೈದ್ಯೆ ಶಿವರಂಜನಿ ಸಂತೋಷ್ ವರ್ಷಗಳ ಕಾಲ ಹೋರಾಡಿದ ಮೇಲೆ, 2025ರ ಅಕ್ಟೋಬರ್‌ನಲ್ಲಿ ಎಫ್‌ಎಸ್‌ಎಸ್‌ಎಐ ಆ ಪದಕ್ಕೆ ಬೀಗ ಹಾಕಿತು. ಬೀಗ ಬಿದ್ದಿರೋದು ‘ಓಆರ್‌ಎಸ್’ಗೆ; ‘ಹೈಡ್ರೇಷನ್’ ಅಂತ ದೊಡ್ಡಕ್ಷರದಲ್ಲಿ ಬರೆದಿರೋ ಸ್ಯಾಶೆಯನ್ನು ನೀವೇ ತಿರುಗಿಸಿ ನೋಡಬೇಕು. ಹಿಂಬದಿಯಲ್ಲಿ ಸೋಡಿಯಂ ಎಷ್ಟು ಮಿಲಿಗ್ರಾಂ ಅಂತಿರುತ್ತೆ. ಅರ್ಧ ಲೀಟರ್ ನೀರಿಗೆ 300 ಅಂತಿದ್ದರೆ ಲೀಟರಿಗೆ 600 ಆಯ್ತು. ಓಆರ್‌ಎಸ್‌ನಲ್ಲಿ ಅದು ಸುಮಾರು 1,725.