ಟೆಂಟನ್ನು ಮಡಚುವುದೋ, ತುರುಕುವುದೋ?

ಪ್ರಶ್ನೆ: ಕುಮಾರಪರ್ವತ ಚಾರಣಕ್ಕೆ ಟೆಂಟು, ಸಾಮಾನು ಕಟ್ಟಿಕೊಳ್ಳುವ ಸರಿಯಾದ ಕ್ರಮ ಯಾವುದು? (ಓದುಗರು, ಬಸವನಗುಡಿ)

ಉತ್ತರ: 1,712 ಮೀಟರ್ ಎತ್ತರದ ಕುಮಾರಪರ್ವತಕ್ಕೆ ಕುಕ್ಕೆ ಕಡೆಯಿಂದ ಹತ್ತುವವರು ಗಿರಿಗದ್ದೆ ತಲುಪುವಷ್ಟರಲ್ಲಿ, ಚೀಲ ಹೇಗೆ ತುಂಬಿದೆಯೆಂದು ಬೆನ್ನೇ ಹೇಳಿಬಿಡುತ್ತದೆ. ನೀರು, ಅಡುಗೆ ಸಾಮಾನು, ಟೆಂಟಿನಂಥ ಭಾರವೆಲ್ಲ ಬೆನ್ನಿಗೆ ಒತ್ತಿಕೊಂಡು ಚೀಲದ ನಡುಭಾಗದಲ್ಲಿರಬೇಕು. ರಾತ್ರಿಗಷ್ಟೇ ಬೇಕಾಗುವ ಸ್ಲೀಪಿಂಗ್ ಬ್ಯಾಗ್ ತಳಕ್ಕೆ. ರೈನ್‌ಕೋಟು ಎಲ್ಲಕ್ಕಿಂತ ಮೇಲೆ. ಘಟ್ಟದ ಮಳೆ ಹೇಳಿಕೇಳಿ ಬರುವುದಿಲ್ಲ.

ಇನ್ನು ಟೆಂಟು. ಮಲ್ಲೇಶ್ವರದ ಅಜ್ಜಿಯರು ರೇಷ್ಮೆ ಸೀರೆಯ ಮಡಿಕೆಯನ್ನು ಆಗಾಗ ಬದಲಿಸುತ್ತಾರೆ, ಇಲ್ಲದಿದ್ದರೆ ಮಡಿಕೆಯ ಗೆರೆಯಲ್ಲೇ ಜರಿ ಮುರಿಯುತ್ತದೆ. ಟೆಂಟಿನ ಬಟ್ಟೆಗೂ ಅದೇ ಗತಿ: ಪ್ರತಿಸಲ ಒಂದೇ ಗೆರೆಯಲ್ಲಿ ಮಡಚಿದರೆ ನೀರು ತಡೆಯುವ ಲೇಪ ಅಲ್ಲೇ ಬಿರುಕು ಬಿಡುತ್ತದೆ. ಹಾಗಾಗಿ ಮಡಿಕೆ ಬದಲಿಸಿ, ಅಥವಾ ಸುಮ್ಮನೆ ಚೀಲಕ್ಕೆ ತುರುಕಿ. ನೋಡಲು ಚೆನ್ನಾಗಿರದು, ಬಟ್ಟೆಗೆ ಒಳ್ಳೆಯದು. ಒಳಗೆ ಎಲಾಸ್ಟಿಕ್ ದಾರವಿರುವ ಕಂಬಿಗಳನ್ನು ಮಾತ್ರ ನಡುವಿನಿಂದ ಮಡಚಬೇಕು, ದಾರದ ಎಳೆತ ಎರಡೂ ಕಡೆ ಸಮವಾಗುತ್ತದೆ.

ಒದ್ದೆ ಟೆಂಟನ್ನು ಅಟ್ಟಕ್ಕೇರಿಸಿದರೆ ಬೂಷ್ಟು ಖಚಿತ, ಲೇಪವೂ ಕ್ರಮೇಣ ಅಂಟಂಟಾಗುತ್ತದೆ. ಮನೆಗೆ ಬಂದೊಡನೆ ನೆರಳಿನಲ್ಲಿ ಹರವಿ. ತಾರಸಿಯ ಬಿರುಬಿಸಿಲು ನೈಲಾನನ್ನು ಸವೆಸುತ್ತದೆ. ಜುಲೈ ಜಿಟಿಜಿಟಿಯಲ್ಲಿ ನಡುಮನೆಗೇ ಹಗ್ಗ ಕಟ್ಟಬೇಕಾದೀತು.